ಐದು ಡೋಸು, ಆರು ಕೂಸು

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಊಟಕ್ಕೆ ಕೂತರೂ ಎರಡು ಸಲ ಎದ್ದು ಬಾಗಿಲು ನೋಡಿ ಬರುತ್ತೇನೆ. ಬಸ್ ನಿಲ್ದಾಣದಲ್ಲಿ ಬೆಂಚು ಖಾಲಿ ಬಿದ್ದಿದ್ದರೂ ನಿಂತೇ ಇರುತ್ತೇನೆ. ನಮ್ಮ ಯಜಮಾನರು ಇದು ನನ್ನ ಹುಟ್ಟುಗುಣ ಎಂದು ಬೀಗರ ಮುಂದೆಲ್ಲ ಹೇಳಿ ನಗುತ್ತಾರೆ. ಹುಟ್ಟುಗುಣ ಅಲ್ಲ, ಕೆಲಸ ಅಂಟಿಸಿದ್ದು. ಐಸ್ ಕರಗುವುದರೊಳಗೆ ಊರು ಮುಟ್ಟಬೇಕು, ಹೆಂಗಸರು ಕೂಲಿಗೆ ಹೊರಡುವುದರೊಳಗೆ ಅವರನ್ನು ಹಿಡಿಯಬೇಕು, ಸೀಸೆ ಒಡೆದ ಮೇಲೆ ನಾಲ್ಕು ಗಂಟೆಯೊಳಗೆ ಅದನ್ನು ಖಾಲಿ ಮಾಡಬೇಕು. ಇಷ್ಟು ವರ್ಷ ಹೀಗೆ ಓಡಿದವಳನ್ನು ಈಗ ಕುರ್ಚಿ ಕೊಟ್ಟು ಕೂರು ಅಂದರೆ ಹೇಗೆ ಕೂರಲಿ?

ನಾನು ಹಳ್ಳಿಗಳಲ್ಲಿ ಮಕ್ಕಳಿಗೆ ಸೂಜಿ ಹಾಕುತ್ತಿದ್ದ ನರ್ಸು. ಸರ್ಕಾರದ ಕಾಗದದಲ್ಲಿ ನನ್ನ ಹುದ್ದೆಗೆ ಒಂದು ಮಾರುದ್ದದ ಹೆಸರಿತ್ತು. ಆ ಹೆಸರು ಹಿಡಿದು ಯಾವ ಊರಿನಲ್ಲೂ ಯಾರೂ ನನ್ನನ್ನು ಕರೆಯಲಿಲ್ಲ. ನರ್ಸಮ್ಮ ಅಂದರು, ಸೂಜಿಯಮ್ಮ ಅಂದರು, ಕೋಪ ಬಂದಾಗ ಬೇರೆ ಹೆಸರಿನಿಂದಲೂ ಕರೆದರು. ಹುಟ್ಟಿದ್ದು ಚನ್ನಗಿರಿಯಲ್ಲಿ. ಎಪ್ಪತ್ತರ ದಶಕದ ಕೊನೆಗೆ ತರಬೇತಿ ಮುಗಿಸಿ ಮೊದಲು ಕೆಲಸಕ್ಕೆ ಸೇರಿದ್ದು ನ್ಯಾಮತಿಯ ಕಡೆ.

ಅಲ್ಲಿ ಒಂದು ಮಳೆಗಾಲ ವಾಂತಿಭೇದಿ ಬಂತು. ಕಾಲರಾ ಸೂಜಿಯ ಔಷಧಿ ಬಂದಿದ್ದು ಬೊಗಸೆಯಷ್ಟು. ತೆರೆದ ಬಾವಿಯ ನೀರು ಕುಡಿಯುವ ಕೇರಿಗೆ ಮೊದಲು ಹಾಕಬೇಕೆಂದು ನಮಗೆ ಹೇಳಿದ್ದರು. ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಊರಿನ ದೊಡ್ಡಮನೆಯಿಂದ ಆಳು ಬಂದ. ಅಲ್ಲಿ ಮದುವೆಗೆ ನೆಂಟರು ಸೇರಿದ್ದಾರೆ, ಮೊದಲು ಅಲ್ಲಿಗೆ ಬಂದು ಹೋಗಬೇಕಂತೆ. ನನ್ನ ಮೇಲಿನವರು ಹೋಗಿ ಬಾ ಅಂದರು. ಇಪ್ಪತ್ತೆರಡರ ಹುಡುಗಿ ನಾನು, ಹೋದೆ. ನೆಂಟರಿಗೆ ಹಾಕಿದೆ, ನೆಂಟರ ಕಾರಿನ ಡ್ರೈವರಿಗೆ ಹಾಕಿದೆ, ನೋವಾಗುತ್ತದಾ ಎಂದು ಕಿಸಿಕಿಸಿ ನಗುತ್ತಿದ್ದ ಗಟ್ಟಿಮುಟ್ಟಾದ ಗಂಡಸರಿಗೆಲ್ಲ ಹಾಕಿದೆ. ಕೇರಿಗೆ ಹೋಗುವಷ್ಟರಲ್ಲಿ ಸೀಸೆಯ ತಳ ಕಾಣುತ್ತಿತ್ತು. ಏಳೆಂಟು ಜನಕ್ಕೆ ಹಾಕುವುದರೊಳಗೆ ಮುಗಿಯಿತು. ಸಾಲಿನಲ್ಲಿ ಮುಂದಿದ್ದ ಒಬ್ಬ ಮುದುಕಿ ಆಗಲೇ ಕುಪ್ಪಸದ ತೋಳು ಮೇಲಕ್ಕೆ ಸರಿಸಿ, ಮುಖ ಆ ಕಡೆ ತಿರುಗಿಸಿ, ಕೈ ಚಾಚಿ ನಿಂತಿದ್ದಳು. ಮುಗಿಯಿತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವಳು ಎಷ್ಟೋ ಹೊತ್ತು ಹಾಗೇ ನಿಂತಿದ್ದಳು.

ಅವಳಿಗೆ ಮುಂದೇನೂ ಆಗಲಿಲ್ಲ, ಬದುಕಿಕೊಂಡಳು. ಆದರೆ ಆ ಚಾಚಿದ ಕೈ ನನ್ನ ತಲೆಯೊಳಗೆ ಸೇರಿಕೊಂಡಿತು. ಅವತ್ತಿನಿಂದ ನಾನು ಪಟ್ಟಿಯ ಹೆಂಗಸಾದೆ. ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂದು ಹಿಂದಿನ ದಿನವೇ ಬರೆದುಕೊಳ್ಳುವುದು, ಬರೆದದ್ದನ್ನು ಬ್ರಹ್ಮ ಬಂದರೂ ತಿದ್ದದಿರುವುದು. ಯಾರನ್ನೂ ಕೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ. ನನ್ನಷ್ಟು ನ್ಯಾಯವಂತೆ ತಾಲ್ಲೂಕಿನಲ್ಲೇ ಇಲ್ಲ ಅನ್ನುವ ಕೊಬ್ಬು ಆ ಪಟ್ಟಿಯ ಜೊತೆಗೇ ಬೆಳೆಯಿತು.

ಮದುವೆಯಾಯಿತು. ಯಜಮಾನರು ಜಗಳೂರಿನಲ್ಲಿ ಮೇಷ್ಟ್ರು. ಆಗ ಜಗಳೂರು ಚಿತ್ರದುರ್ಗ ಜಿಲ್ಲೆ, ನ್ಯಾಮತಿ ಶಿವಮೊಗ್ಗ ಜಿಲ್ಲೆ. ಜಿಲ್ಲೆ ದಾಟಿಸಿಕೊಳ್ಳುವುದಕ್ಕೆ ಎರಡು ವರ್ಷ ಕಚೇರಿ ಕಚೇರಿ ಅಲೆದೆ. ಕೊನೆಗೆ ಸೊಕ್ಕೆಯಿಂದ ಆಚೆಗಿನ ಒಂದು ಹಳ್ಳಿಗೆ ಹಾಕಿದರು. ಒಂದು ಕೋಣೆಯ ಉಪಕೇಂದ್ರ, ಅದಕ್ಕೆ ಅಂಟಿಕೊಂಡಂತೆ ನಮ್ಮ ಮನೆ. ಯಜಮಾನರು ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದರು. ಸುತ್ತ ಶೇಂಗಾ, ಜೋಳದ ಹೊಲಗಳು. ಎಂಬತ್ತರ ದಶಕ ಅರ್ಧ ಕಳೆದಿತ್ತು. ನನ್ನ ಮಗ ಹುಟ್ಟಿದ್ದು ಆ ಊರಿನಲ್ಲಿಯೇ.

ಅವನನ್ನು ಎತ್ತಿದವಳು ಆ ಊರಿನ ಸೂಲಗಿತ್ತಿ ಅಜ್ಜಿ. ಸರ್ಕಾರಿ ನರ್ಸು ಸೂಲಗಿತ್ತಿಯ ಕೈಯಲ್ಲಿ ಹೆತ್ತಳು ಎಂದು ಮೇಲಿನವರು ನನ್ನನ್ನು ಆಡಿಕೊಂಡರು. ಆಡಿಕೊಳ್ಳಲಿ ಬಿಡಿ, ಜಗಳೂರಿಗೆ ಹೋಗಲು ಅವತ್ತು ಗಾಡಿಯೇ ಸಿಗಲಿಲ್ಲ. ಅಜ್ಜಿಯ ಕೈ ಶುದ್ಧ, ಬಾಯಿ ಬಲು ಜೋರು. ಊರಿನ ಹೆಂಗಸರೆಲ್ಲ ನನ್ನ ಮಾತನ್ನು ಕೇಳಿಸಿಕೊಳ್ಳುತ್ತಿದ್ದರು, ಅಜ್ಜಿಯ ಮಾತನ್ನು ಕೇಳುತ್ತಿದ್ದರು. ಅವಳದೊಂದು ಪದ್ಧತಿ ಇತ್ತು. ಬಜೆ ತೇಯ್ದು ಕೂಸಿನ ನಾಲಿಗೆಗೆ ಮುಟ್ಟಿಸುವ ಮೊದಲು ತನ್ನ ನಾಲಿಗೆಗೆ ಹಚ್ಚಿಕೊಂಡು ತಾಯಿಗೆ ತೋರಿಸುವುದು. ತನ್ನ ಮನೆಯಲ್ಲಿ ಕೂಸು ಇದ್ದರೆ ಮೊದಲು ಅದಕ್ಕೆ, ಆಮೇಲೆ ಊರಿನ ಕೂಸಿಗೆ. ಕೊಡುವವರು ತಮ್ಮ ಮನೆಗೆ ಬಳಸದೆ ಕೊಟ್ಟದ್ದನ್ನು ಆ ಊರಿನಲ್ಲಿ ಯಾರೂ ಮುಟ್ಟುತ್ತಿರಲಿಲ್ಲ.

ಮಗನಿಗೆ ಹತ್ತು ತಿಂಗಳು ತುಂಬಿದಾಗ ದಡಾರದ ಸೂಜಿ ಮೊದಲ ಸಲ ನಮ್ಮ ಕಡೆ ಬಂತು. ಆವರೆಗೆ ದಡಾರ ಅಂದರೆ ಅಮ್ಮ. ಮೈತುಂಬ ಕೆಂಪಗೆ ಎದ್ದು, ಕಣ್ಣು ಕೂಡಿಕೊಂಡು, ಕೆಮ್ಮಿ ಕೆಮ್ಮಿ, ಕೆಲವು ಮಕ್ಕಳು ಉಳಿಯುತ್ತಿದ್ದವು, ಕೆಲವು ಹೋಗುತ್ತಿದ್ದವು. ಬೇವಿನ ಸೊಪ್ಪು ಕಟ್ಟಿ ಕಾಯುವುದೊಂದೇ ಗೊತ್ತಿದ್ದದ್ದು. ಈಗ ಅದಕ್ಕೂ ಒಂದು ಸೂಜಿ ಬಂದಿದೆ ಎಂದು ಕೇಳಿ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬಂದದ್ದು ಮಾತ್ರ ಒಂದೇ ಒಂದು ಸೀಸೆ. ಪುಟ್ಟ ಸೀಸೆ, ತಳದಲ್ಲಿ ಚಿಟಿಕೆಯಷ್ಟು ಪುಡಿ. ನೀರು ಕಲಸಿದರೆ ಐದು ಮಕ್ಕಳಿಗೆ ಆಗುತ್ತದೆ. ಒಂಬತ್ತು ತಿಂಗಳು ತುಂಬಿ ವರ್ಷ ತುಂಬದ ಕೂಸುಗಳಿಗೆ ಮೊದಲು ಹಾಕಿ, ಉಳಿದರೆ ದೊಡ್ಡವಕ್ಕೆ ಎಂದು ಹೇಳಿ ಕಳಿಸಿದರು. ಮುಂದಿನ ತಿಂಗಳು ಮತ್ತೆ ಬರುತ್ತದೆ ಎಂದೂ ಹೇಳಿದರು.

ಆ ವಯಸ್ಸಿನ ಕೂಸುಗಳು ಊರಿನಲ್ಲಿ ನಾಲ್ಕಿದ್ದವು. ಐದನೆಯದು ನನ್ನ ಮಗ. ಐದು ಡೋಸು, ಐದು ಕೂಸು. ದೇವರೇ ಲೆಕ್ಕ ಹಾಕಿ ಕಳಿಸಿದಂತಿತ್ತು. ಪಟ್ಟಿ ಬರೆಯಲು ಕೂತೆ. ನಾಲ್ಕು ಹೆಸರು ಬರೆದೆ. ಐದನೆಯದು ಬರೆಯಲು ಕೈ ಏಳಲಿಲ್ಲ. ಮೊದಲ ಸೀಸೆಯಲ್ಲೇ ನರ್ಸಮ್ಮ ತನ್ನ ಮಗನಿಗೆ ಹಾಕಿಕೊಂಡಳು ಅನ್ನುತ್ತಾರೆ, ದೊಡ್ಡಮನೆಯವರಿಗೂ ನನಗೂ ಏನು ವ್ಯತ್ಯಾಸ ಉಳಿಯಿತು ಅನ್ನಿಸಿತು. ಅಜ್ಜಿಗೆ ಒಬ್ಬಳು ಮೊಮ್ಮಗಳಿದ್ದಳು. ಎರಡು ವರ್ಷಕ್ಕೆ ಇನ್ನೆರಡೇ ತಿಂಗಳು ಬಾಕಿ, ಗುಂಡುಕಲ್ಲಿನ ಹಾಗಿದ್ದಳು, ಅವಳ ಸರದಿಯೇ ಅಲ್ಲ. ಆದರೂ ಐದನೆಯದಾಗಿ ಅವಳ ಹೆಸರು ಬರೆದೆ. ಅಜ್ಜಿ ಒಪ್ಪಿದರೆ ಊರು ಒಪ್ಪುತ್ತದೆ ಎಂಬ ಉಪಾಯವೂ ಅದರಲ್ಲಿತ್ತು. ನನ್ನ ಮಗನದು ಮುಂದಿನ ತಿಂಗಳು ಆಗುತ್ತದೆ ಅಂದುಕೊಂಡೆ. ಯಜಮಾನರಿಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಸ್ಟೋವಿನ ಮೇಲೆ ಸಿರಿಂಜು ಕುದಿಯುತ್ತಿತ್ತು. ಪಟ್ಟಿಯ ಐದೂ ಕೂಸುಗಳು ಬಂದಿದ್ದವು. ಸೂಜಿ ಅಂದರೆ ಹೆದರುತ್ತಿದ್ದ ಗಾದಿ ಹೊಲಿಯುವವರ ಮನೆಯ ಸೊಸೆಯೂ ಸೆರಗಿನೊಳಗೆ ಮಗಳನ್ನು ಮುಚ್ಚಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ಪುಡಿಗೆ ನೀರು ಕಲಸಿ ಸೀಸೆಯನ್ನು ಐಸಿನ ಮೇಲಿಟ್ಟೆ. ಇನ್ನು ನಾಲ್ಕು ಗಂಟೆ. ಆಗ ಅಜ್ಜಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನನ್ನ ಕಂಕುಳಲ್ಲಿದ್ದ ಮಗನನ್ನು ಗದ್ದದಿಂದ ತೋರಿಸಿದಳು.

"ಮೊದ್ಲು ನಿನ್ ಮಗೀಗೆ ಹಾಕು ನರ್ಸಮ್ಮ. ಆಮ್ಯಾಲೆ ನಮ್ಮವು."

"ಇವನಿಗೆ ಆಮೇಲೆ ಹಾಕ್ತೀನಿ ಅಜ್ಜಿ, ಮೊದಲು ನಿಮ್ಮವು ಆಗಲಿ."

"ಯಾಕೆ? ಹೊಸಾ ಔಷ್ದಿ ಐತೆ, ನಮ್ಮ ಹುಡುಗ್ರ ಮ್ಯಾಲೆ ನೋಡಾಕೆ ಬಂದೀಯಾ?"

ಅವಳು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ತಾನು ಇಷ್ಟು ಕಾಲ ಮಾಡಿಕೊಂಡು ಬಂದದ್ದನ್ನೇ ನನಗೂ ಹೇಳಿದಳು. ಆದರೆ ಹೆಂಗಸರೆಲ್ಲ ಮುಖ ಮುಖ ನೋಡಿಕೊಂಡರು. ಗಾದಿಯವರ ಸೊಸೆ ಒಂದು ಹೆಜ್ಜೆ ಹಿಂದೆ ಸರಿದಳು. ಸೀಸೆ ಕಲಸಿಯಾಗಿತ್ತು. ಮೊಮ್ಮಗಳ ಅಂಗಿಯ ತೋಳನ್ನು ಅಜ್ಜಿ ಆಗಲೇ ಮೇಲಕ್ಕೆ ಮಡಚಿದ್ದಳು. ಆ ಮಡಚಿದ ತೋಳು ಕಂಡದ್ದೇ ನನಗೆ ನ್ಯಾಮತಿಯ ಕೇರಿ ಕಂಡಿತು. ಇವಳನ್ನು ಮುಗಿಯಿತು ಎಂದು ವಾಪಸು ಕಳಿಸಲಾರೆ ಅನ್ನಿಸಿತು.

ಪೆಟ್ಟಿಗೆಯಲ್ಲಿ ಬೇರೆ ಸೂಜಿಗಳಿಗೆ ಬಳಸುವ ಡಿಸ್ಟಿಲ್ಡ್ ವಾಟರಿನ ಗಾಜಿನ ಕೊಳವೆಗಳಿದ್ದವು. ಅವರಿಗೆ ಬೆನ್ನು ಹಾಕಿ ಒಂದನ್ನು ಮುರಿದೆ. ಅರ್ಧ ಎಂ.ಎಲ್. ಎಳೆದೆ. ತಿರುಗಿ, ಎಲ್ಲರೂ ನೋಡುತ್ತಿದ್ದಂತೆ, ನನ್ನ ಮಗನ ತೋಳಿಗೆ ನೀರು ಚುಚ್ಚಿದೆ. ಅವನು ಕಿಟಾರನೆ ಕಿರುಚಿದ. ಆ ಅಳು ಕೇಳಿ ಹೆಂಗಸರಿಗೆ ನಂಬಿಕೆ ಬಂತು. ಒಬ್ಬೊಬ್ಬರಾಗಿ ತಂದು ಹಾಕಿಸಿದರು, ಐದೂ ಆಯಿತು. ಕೊನೆಗೆ ಗಾದಿಯವರ ಸೊಸೆ ಬಂದು, "ನಿಮ್ಮ ಬೇಟಾನೇ ತಡ್ಕೊಂಡ, ನಮ್ಮದೂ ತಡ್ಕೊಂತೈತೆ ಬಿಡ್ರಿ" ಎಂದು ನಕ್ಕಳು. ನಾನೂ ನಕ್ಕೆ. ಅವತ್ತು ನನ್ನ ಬಗ್ಗೆ ನನಗೆ ಎಷ್ಟು ಹೆಮ್ಮೆ ಇತ್ತೆಂದರೆ, ಈಗ ನೆನೆದರೆ ಕೆನ್ನೆಗೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮುಂದಿನ ತಿಂಗಳು ಔಷಧಿ ಬರಲಿಲ್ಲ. ಜಗಳೂರಿಗೆ ಹೋಗಿ ಕೇಳಿದೆ, ಮೇಲಿನಿಂದಲೇ ಬಂದಿಲ್ಲ ಅಂದರು. ಮತ್ತೆ ಒಂದು ವಾರ ಬಿಟ್ಟು ಹೋದೆ, ಅದೇ ಮಾತು. ಅಷ್ಟರಲ್ಲಿ ಚಳಿ ಕಳೆದು ಬಿಸಿಲು ಏರುತ್ತಿತ್ತು, ದಡಾರ ಏಳುವ ಕಾಲ. ದೂರದ ಹಳ್ಳಿಯೊಂದರಲ್ಲಿ ಎರಡು ಮನೆಗೆ ಬಂದಿದೆ ಎಂದು ಸುದ್ದಿ ಬಂತು. ನನಗೆ ಅನ್ನ ಸೇರದು, ಕೂತರೆ ಕೂರಲಾಗದು. ಮಗ ಸೀನಿದರೆ ಓಡಿ ಹೋಗಿ ಬೆಳಕಿಗೆ ಹಿಡಿದು ಕಣ್ಣು ನೋಡುತ್ತಿದ್ದೆ. ಯಜಮಾನರು, "ಅವನಿಗೆ ಹಾಕಿಯಾಗಿದೆಯಲ್ಲ, ನಿನಗೇನು ಹುಚ್ಚಾ?" ಅಂದರು. ತಡೆಯಲಾರದೆ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಹಗುರವಾಗುತ್ತಿದ್ದೆ. ಸುಮ್ಮನೆ ಎದ್ದು ಹೋಗಿ ಮಗನ ಪಕ್ಕ ಕೂತರು.

ನಾಲ್ಕು ದಿನ ರಜೆ ಹಾಕಿ, ಮಗನನ್ನು ಎತ್ತಿಕೊಂಡು ಹೊರಟೆ. ಎಲ್ಲೋ ಒಂದು ಡೋಸು ಸಿಕ್ಕೇ ಸಿಗುತ್ತದೆ ಎಂಬ ಹಟ. ಮೊದಲು ಚನ್ನಗಿರಿಗೆ, ತವರಿಗೆ. ಅಲ್ಲಿ ಆಸ್ಪತ್ರೆಯಲ್ಲಿ ಮುಗಿದಿತ್ತು. ಕತ್ತಲಗೆರೆ ಕಡೆ ಪರಿಚಯದ ನರ್ಸೊಬ್ಬಳ ಹತ್ತಿರ ಇದೆ ಎಂದು ಯಾರೋ ಅಂದರು, ಬಿಸಿಲಲ್ಲೇ ಹೋದೆ. ಅವಳ ಹತ್ತಿರ ಸೀಸೆ ಇತ್ತು, ಆದರೆ ಮೂರು ದಿನದಿಂದ ಕರೆಂಟಿಲ್ಲ. ಸೀಸೆ ಕೈಯಲ್ಲಿ ಹಿಡಿದೆ, ಬೆಚ್ಚಗಿತ್ತು. "ಹಾಕ್ಲೇನಕ್ಕ?" ಅಂದಳು. ಬಿಸಿಯಾದ ಔಷಧಿ ಹಾಕಿದರೆ ಅದೂ ನೀರೇ. ಒಂದು ಸಲ ನೀರು ಹಾಕಿಸಿಕೊಂಡವನಿಗೆ ಇನ್ನೊಂದು ಸಲ ಬೇಡ ಎಂದು ಮನಸ್ಸಿನಲ್ಲೇ ಅಂದುಕೊಂಡು ಬಂದೆ.

ಅಲ್ಲಿಂದ ನ್ಯಾಮತಿ. ಹಳೆಯ ಕಾಂಪೌಂಡರು ಮಗನ ಗಲ್ಲ ಹಿಂಡಿ, ಕಾಫಿ ತರಿಸಿ, ಕೊನೆಗೆ ಇಲ್ಲ ಎಂದು ಕೈ ಆಡಿಸಿದರು. ಅಲ್ಲಿಂದ ಹೊನ್ನಾಳಿ. ಅಲ್ಲಿ ನನ್ನ ಜೊತೆ ತರಬೇತಿ ಪಡೆದ ಗೆಳತಿ ಇದ್ದಳು. ಅವಳ ಹತ್ತಿರ ಒಂದು ಸೀಸೆ ತಣ್ಣಗೆ ಐಸಿನಲ್ಲಿ ಕೂತಿತ್ತು.

"ನಾಳೆ ಸಾಸ್ವೆಹಳ್ಳಿಗೆ ತಗಂಡು ಹೋಗೋದು ಕಣೆ ಇದು," ಅಂದಳು. "ನಿನ್ನ ಮಗ ಒಬ್ಬನಿಗೆ ಒಡೆದ್ರೆ ಉಳಿದ ನಾಲ್ಕು ಹಾಳು. ನೀನಾದ್ರೆ ಒಡೀತಿದ್ಯಾ ಹೇಳು."

ಒಡೆಯುತ್ತಿರಲಿಲ್ಲ. ಒಡೆ ಎಂದು ಅವಳ ಕಾಲು ಹಿಡಿಯುವ ಮನಸ್ಸಾಗಿತ್ತು, ಹಿಡಿಯಲಿಲ್ಲ. ಮರುದಿನ ಅವಳ ಜೊತೆಗೇ ಸಾಸ್ವೆಹಳ್ಳಿಗೆ ಹೋದೆ. ಏಳು ಜನ ತಾಯಂದಿರು ಸಾಲು ನಿಂತಿದ್ದರು. ನಾನು ಮೇಜಿನ ಹತ್ತಿರ ಹೋಗಲಿಲ್ಲ, ಹೋಗಿ ಸಾಲಿನಲ್ಲಿ ಎಂಟನೆಯವಳಾಗಿ ನಿಂತೆ. ಅಷ್ಟು ವರ್ಷ ಮೇಜಿನ ಹಿಂದೆ ನಿಂತವಳು, ಮೊದಲ ಸಲ ಮುಂದೆ ನಿಂತಿದ್ದೆ. ಸಾಲಿನಲ್ಲಿ ನಿಂತವರಿಗೆ ಒಳಗೆ ಎಷ್ಟಿದೆ ಎಂದು ಗೊತ್ತೇ ಆಗುವುದಿಲ್ಲ, ಅದು ಅವತ್ತು ತಿಳಿಯಿತು. ನನಗೊಬ್ಬಳಿಗೆ ಗೊತ್ತಿತ್ತು. ಇಬ್ಬರು ಕಾಯಲಾರದೆ ಹೊಲಕ್ಕೆ ಹೋದರು. ನನ್ನ ಮುಂದೆ ಐದು ಜನ ಉಳಿದರು. ನನ್ನ ಮುಂದಿನವಳ ಮಗು ನನ್ನ ಮಗನಿಗಿಂತ ದೊಡ್ಡದು, ಆರಾಮಾಗಿ ಕಡಲೆ ಅಗಿಯುತ್ತಿತ್ತು. ಗೆಳತಿ ತಲೆಯೆತ್ತಿ ನನ್ನನ್ನು ನೋಡಿದಳು. ಬಾ ಎಂದರೆ ಹೋಗುತ್ತಿದ್ದೆ. ಅವಳು ಅನ್ನಲಿಲ್ಲ, ನಾನೂ ಕೇಳಲಿಲ್ಲ. ಕೊನೆಯ ಡೋಸು ಕಡಲೆ ತಿನ್ನುವ ಮಗುವಿಗೆ ಹೋಯಿತು.

"ಬಂದು ಒಂದು ಮಾತು ಹೇಳಬಾರದಿತ್ತೇನೆ?" ಅಂದಳು ಆಮೇಲೆ.

"ನೀನು ಕರೀಬಾರದಿತ್ತಾ?" ಅಂದೆ.

ಇಬ್ಬರೂ ಮುಖ ಊದಿಸಿಕೊಂಡೇ ಬೇರೆಯಾದೆವು. ವಾಪಸು ಹೊರಟ ಬಸ್ಸಿನಲ್ಲಿ ಉಸಿರಾಡಲು ಜಾಗವಿರಲಿಲ್ಲ. ಪಕ್ಕದಲ್ಲಿ ಒಬ್ಬಾಕೆ ಎರಡು ವರ್ಷದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮಗುವಿನ ಮೂಗು ಸುರಿಯುತ್ತಿತ್ತು, ಕಣ್ಣು ಕೆಂಪಗೆ ನೀರಾಡುತ್ತಿತ್ತು, ಒಣಕೆಮ್ಮು. ಮೈಮೇಲೆ ಇನ್ನೂ ಏನೂ ಎದ್ದಿರಲಿಲ್ಲ. ನನಗೆ ನೋಡಿದ ಕೂಡಲೇ ಗೊತ್ತಾಯಿತು. ಮಗನನ್ನು ಎತ್ತಿಕೊಂಡು ಧಡಕ್ಕನೆ ಎದ್ದು ನಿಂತೆ. ಮುಂದಕ್ಕೂ ಹೋಗಲಾಗದು, ಹಿಂದಕ್ಕೂ ಹೋಗಲಾಗದು. ಕಂಡಕ್ಟರನಿಗೆ ಇಳಿಸು ಎಂದು ಕೂಗಿದೆ. "ಇಲ್ಲಿ ಸ್ಟಾಪಿಲ್ರೀ ಅಮ್ಮ" ಅಂದ. ಮುಂದಿನ ಊರಿನವರೆಗೆ ಮಗನ ಮುಖಕ್ಕೆ ಸೆರಗು ಒತ್ತಿ ಹಿಡಿದು ನಿಂತೆ. ಅವನು ಉಸಿರುಗಟ್ಟಿ, ಸೆರಗು ಕಿತ್ತು, ಆ ಮಗುವಿನ ಕಡೆಗೇ ಕೈ ಚಾಚಿ ನಗುತ್ತಿದ್ದ.

ಹತ್ತು ದಿನ ಎಣಿಸಿದೆ. ಹನ್ನೊಂದನೆಯ ದಿನ ಜ್ವರ ಬಂತು. ಬಸ್ಸೇ ಕಾರಣವೋ, ಇನ್ನೆಲ್ಲಾದರೂ ತಗುಲಿತ್ತೋ, ಹೇಳಲು ಬಾರದು. ಡೋಸು ಹುಡುಕಿಕೊಂಡು ಹೋಗಿ ರೋಗ ತಂದೆ ಎಂದು ನಾನಂತೂ ಇಂದಿಗೂ ನಂಬಿದ್ದೇನೆ.

ಕಿವಿಯ ಹಿಂದೆ ಮೊದಲು ಎದ್ದವು, ಆಮೇಲೆ ಮೈತುಂಬ. ಅಜ್ಜಿ ಬೇವಿನ ಸೊಪ್ಪು ತಂದು ನಮ್ಮ ಬಾಗಿಲಿಗೆ ಕಟ್ಟಿದಳು. "ಒಗ್ಗರಣೆ ಹಾಕಬ್ಯಾಡ, ಕೂಸಿಗೆ ಘಾಟು ಆಗಲ್ಲ" ಅಂದಳು. ಔಷಧಿ ಕೊಡಬೇಡ ಎಂದು ಮಾತ್ರ ನರ್ಸಿಗೆ ಹೇಳಲು ಹೋಗಲಿಲ್ಲ. ಬಾಗಿಲಲ್ಲಿ ನಿಂತ ಹೆಂಗಸರು ಒಬ್ಬರನ್ನೊಬ್ಬರು ತಿವಿದುಕೊಂಡರು. ಕೊನೆಗೆ ಒಬ್ಬಳು ಕೇಳಿಯೇಬಿಟ್ಟಳು.

"ಅವತ್ತು ಹಾಕಿದ್ರಲ್ರಿ ನರ್ಸಮ್ಮ, ಮತ್ತೆ ಹೆಂಗೆ ಬಂತು?"

"ಕೆಲವರಿಗೆ ಹಿಡಿಯಲ್ಲ ಕಣಮ್ಮ," ಅಂದೆ. ಒಂದು ಸುಳ್ಳಿನ ಮೇಲೆ ಇನ್ನೊಂದು.

ಕೆಮ್ಮು ಎದೆಗಿಳಿಯಿತು. ದಾವಣಗೆರೆಗೆ ಒಯ್ದು ಒಂದು ವಾರ ಇಟ್ಟೆವು. ಬದುಕಿಕೊಂಡ. ಎಡಗಿವಿ ಸೋರುವುದು ಮಾತ್ರ ನಿಲ್ಲಲಿಲ್ಲ, ವಾರವಾದರೂ ಹತ್ತಿ ಇಟ್ಟು ಇಟ್ಟು ತೆಗೆಯುತ್ತಿದ್ದೆ. ನಾವು ಊರಿಗೆ ಮರಳುವಷ್ಟರಲ್ಲಿ ದಡಾರ ಅಲ್ಲಿಯೂ ನಾಲ್ಕು ಮನೆ ಹೊಕ್ಕಿತ್ತು. ನಾನು ಸೂಜಿ ಹಾಕಿದ ಐದು ಮಕ್ಕಳಲ್ಲಿ ಒಂದಕ್ಕೂ ಬಂದಿರಲಿಲ್ಲ. ಅದನ್ನು ಯಾರೂ ಎಣಿಸಲಿಲ್ಲ. ಬಾರದ್ದನ್ನು ಯಾರು ಎಣಿಸುತ್ತಾರೆ? ಹಾಕಿಸಿಕೊಂಡರೂ ನರ್ಸಮ್ಮನ ಮಗನಿಗೇ ಬಂತು ಎಂಬ ಒಂದು ಮಾತು ಊರು ಸುತ್ತಿ, ಸೊಕ್ಕೆ ದಾಟಿ, ಸಂತೆಯವರೆಗೂ ಹೋಗಿತ್ತು.

ಆ ಹೊತ್ತಿಗೆ ಔಷಧಿ ಬಂತು. ಈ ಸಲ ದೊಡ್ಡ ಸೀಸೆ, ಹತ್ತು ಡೋಸು. ಊರಿನಲ್ಲಿ ಇನ್ನೂ ಸೂಜಿಯೂ ಆಗದ, ದಡಾರವೂ ಬಾರದ ಸಣ್ಣ ಮಕ್ಕಳು ಒಂಬತ್ತು ಉಳಿದಿದ್ದವು. ಮೊದಲ ಸಲ ಎಲ್ಲರಿಗೂ ಸಾಲುವಷ್ಟು ಔಷಧಿ ನನ್ನ ಕೈಯಲ್ಲಿತ್ತು, ಒಬ್ಬರೂ ಬರಲಿಲ್ಲ. ಐಸಿನ ಪೆಟ್ಟಿಗೆ ಹೆಗಲಿಗೆ ಹಾಕಿ, ಮಗನನ್ನು ಕಂಕುಳಿಗೇರಿಸಿ ಮನೆ ಮನೆ ತಿರುಗಿದೆ. ಒಬ್ಬಳು ಕೂಸು ಮಲಗಿದೆ ಅಂದಳು. ಇನ್ನೊಬ್ಬಳು ಬಾಗಿಲನ್ನೇ ತೆರೆಯಲಿಲ್ಲ. "ನಿಮ್ ಮಗನ್ನೇ ಕಾಯ್ಲಿಲ್ಲ, ನಮ್ದೇನ್ ಕಾಯ್ತೈತ್ರಿ?" ಎಂದು ಮತ್ತೊಬ್ಬಳು ಮೆತ್ತಗೆ ಕೇಳಿದಳು.

ಅಜ್ಜಿಯ ಮನೆಯ ಜಗುಲಿಯಲ್ಲಿ ಏಳೆಂಟು ಹೆಂಗಸರು ಕೂತು ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದರು. ಪೆಟ್ಟಿಗೆ ಇಳಿಸಿದೆ. ನಿಂತೇ ಇದ್ದೆ.

"ಅವತ್ತು ನನ್ನ ಮಗನಿಗೆ ಹಾಕಿದ್ದು ಔಷಧಿ ಅಲ್ಲ ಅಜ್ಜಿ," ಅಂದೆ. "ಬರೀ ನೀರು."

ಶೇಂಗಾ ಒಡೆಯುವ ಸದ್ದು ನಿಂತಿತು. ಯಾರಾದರೂ ಬೈಯಲಿ ಎಂದು ಕಾದೆ. ಒಬ್ಬಳ ಬಾಯಿಂದ ಮೊದಲು ಬಂದದ್ದು ನಾನು ನಿರೀಕ್ಷಿಸದ ಮಾತು.

"ಹಂಗಾರೆ ನಮ್ಮ ಹುಡುಗ್ರಿಗೆ ಹಾಕಿದ್ದು ಏನು?"

ಔಷಧಿಯೇ ಎಂದು ಹೇಳಬಹುದಿತ್ತು. ನನ್ನ ಮಾತಿಗೆ ಇನ್ನು ಏನು ಬೆಲೆ? ಮೂಲೆಯಲ್ಲಿದ್ದ ಗಾದಿಯವರ ಸೊಸೆ ತಲೆಯೆತ್ತಿದಳು.

"ನಮ್ದಕ್ಕೆ ಹಾಕಿದ್ದು ಅಸಲೀನೇ. ಮಗ್ಗುಲ ಮನೇಲಿ ಮೂರೂ ಹುಡುಗ್ರಿಗೆ ಬಂತು, ನನ್ನ ಮಗಳು ಅವ್ರ ಜೊತೀಗೇ ಉಣ್ತಿದ್ಲು, ಅದಕ್ಕೆ ಬರ್ಲಿಲ್ಲ. ಆ ಐದ್ರಾಗೆ ಯಾವ್ದಕ್ಕೆ ಬಂದೈತೆ ಹೇಳ್ರಿ."

ಹೆಂಗಸರು ಬೆರಳು ಮಡಚಿ ಒಂದೊಂದೇ ಮನೆಯನ್ನು ನೆನೆದರು. ಅಜ್ಜಿ ಮಾತ್ರ ನನ್ನನ್ನೇ ನೋಡುತ್ತಿದ್ದಳು.

"ಯಾಕೆ ಹಂಗೆ ಮಾಡ್ದೆ?"

"ಇದ್ದದ್ದು ಐದು, ಅಜ್ಜಿ. ನಿಮ್ಮ ಮೊಮ್ಮಗಳೂ ಸೇರಿ ಕೂಸು ಆರು."

"ಅವ್ಳ ಪಾಳಿ ಇತ್ತಾ?"

"ಇರಲಿಲ್ಲ. ಸಣ್ಣವಕ್ಕೆ ಮೊದಲು ಅಂತ ಹೇಳಿದ್ರು. ನನ್ನ ಮಗಂದಿತ್ತು."

ಅಜ್ಜಿ ಮಡಿಲಿನ ಶೇಂಗಾವನ್ನು ಮೊರಕ್ಕೆ ಸುರಿದಳು. ಸೊಂಟ ಹಿಡಿದುಕೊಂಡು ಎದ್ದಳು.

"ಒಂದು ಮಾತು ಹೇಳಿದ್ರೆ ನಾನೇ ಅವ್ಳನ್ನ ಎತ್ಕಂಡು ಮನೀಗೆ ಹೋಗ್ತಿದ್ನಲ್ಲೇ," ಅಂದಳು. "ನಿನ್ ಮಗನ್ನ ಎತ್ತಿದಾಕಿ ನಾನು. ಅವನ ಪಾಲು ಕಿತ್ಕಂಡು ನನ್ ಮೊಮ್ಮಗಳಿಗೆ ಹಾಕ್ಸೇನಿ ಅಂದ್ಕಂಡ್ಯಾ?"

ಅವಳ ದನಿ ಏರಿರಲಿಲ್ಲ. ನಾನು ಅಲ್ಲಿಯೇ, ಶೇಂಗಾ ಸಿಪ್ಪೆಯ ಮೇಲೆಯೇ ಕೂತುಬಿಟ್ಟೆ. ಇಷ್ಟು ವರ್ಷ ಯಾರಿಗೆ ಮೊದಲು ಎಂದು ಪಟ್ಟಿ ಬರೆದವಳು, ಎಷ್ಟಿದೆ ಎಂದು ಒಂದು ಸಲವಾದರೂ ಊರಿಗೆ ಹೇಳಿರಲಿಲ್ಲ. ಹೇಳಿದರೆ ಕಿತ್ತಾಡುತ್ತಾರೆ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ನ್ಯಾಮತಿಯ ಒಂದು ದೊಡ್ಡಮನೆಯನ್ನು ಕಂಡು ಎಲ್ಲ ಮನೆಗಳನ್ನೂ ಅದೇ ತಕ್ಕಡಿಯಲ್ಲಿ ತೂಗಿದ್ದೆ. ಅಳು ಬಂತು. ಹೆಂಗಸರ ಮುಂದೆ ಗೊಳೋ ಎಂದು ಅತ್ತೆ. ಮಗ ನನ್ನ ಮಡಿಲಿಂದ ಜಾರಿ ಸಿಪ್ಪೆಯ ರಾಶಿಯಲ್ಲಿ ಕೂತು ಆಡತೊಡಗಿದ.

ಅಳುವುದಕ್ಕೆ ಅಜ್ಜಿ ಹೆಚ್ಚು ಹೊತ್ತು ಬಿಡಲಿಲ್ಲ. "ಈಗ ಎಷ್ಟು ಐತೆ?" ಎಂದು ಕೇಳಿದಳು. ಹತ್ತು ಅಂದೆ. ಪಟ್ಟಿ ಕೊಡಲು ಹೋದೆ, ಕೈಯಿಂದ ತಳ್ಳಿದಳು. ಊರಿನ ಮಕ್ಕಳನ್ನೆಲ್ಲ ಎತ್ತಿದವಳಿಗೆ ಪಟ್ಟಿ ಯಾಕೆ? ಯಾವುದು ತಿಂಗಳಿಗೆ ಮೊದಲೇ ಹುಟ್ಟಿದ್ದು, ಯಾವುದರ ತಾಯಿಗೆ ಹಾಲು ಸಾಲಲಿಲ್ಲ, ಯಾವುದಕ್ಕೆ ಹೋದ ಮಳೆಗಾಲದಲ್ಲಿ ಭೇದಿಯಾಗಿ ಜೀವ ಹೋಗಿ ಬಂತು, ಎಲ್ಲವೂ ಅವಳ ಬಾಯಲ್ಲಿತ್ತು. ಬಡಕಲು ಕೂಸು ಮೊದಲು, ಗಟ್ಟಿಯವು ಹಿಂದೆ. ಜಗುಲಿಯಿಂದಲೇ ಹೆಂಗಸರನ್ನು ಅಟ್ಟಿದಳು. "ನರ್ಸಮ್ಮ ಸುಳ್ಳು ಹೇಳ್ಯಾಳೆ, ಸೂಜಿ ಸುಳ್ಳಲ್ಲ, ಹೋಗ್ರಿ, ಕರಕಂಬರ್ರಿ." ಬಂದರು. ಮೊದಲಿಗೆ ಬಾಗಿಲು ತೆರೆಯದಿದ್ದವಳೂ ಬಂದಳು. ಪ್ರತಿ ಸಲವೂ ಸೀಸೆಯನ್ನು ಬೆಳಕಿಗೆ ಹಿಡಿದು ತಾಯಿಗೆ ತೋರಿಸಿ, ಅದರಿಂದಲೇ ಎಳೆದು ಹಾಕಿದೆ. ಒಂಬತ್ತೂ ಆಯಿತು.

ಸೀಸೆಯ ತಳದಲ್ಲಿ ಒಂದು ಡೋಸು ಉಳಿಯಿತು. ಅಜ್ಜಿ ಅದನ್ನು ಗಮನಿಸಿದಳು. ನಮ್ಮ ಲೆಕ್ಕವೆಲ್ಲ ಮುಗಿಯಿತು ಎನ್ನುವ ಹಾಗೆ ಮುಖ ಅರಳಿಸಿದಳು.

"ಇದು ನಿನ್ ಮಗಂದು. ಹಾಕು ಈಗ, ನಾನ್ ಹಿಡ್ಕಂತೀನಿ."

"ಅವನಿಗೆ ಇನ್ನು ಬೇಕಾಗಲ್ಲ ಅಜ್ಜಿ. ಬಂದು ಹೋಯ್ತಲ್ಲ."

ಅಜ್ಜಿ ಅವನನ್ನಾದರೂ ಎತ್ತಿಕೊಳ್ಳೋಣ ಎಂದು ಸಿಪ್ಪೆಯ ರಾಶಿಯ ಹತ್ತಿರ ಹೋಗಿ, ಅವನ ಎಡಮಗ್ಗುಲಲ್ಲಿ, ಹತ್ತಿ ಇಟ್ಟ ಕಿವಿಯ ಕಡೆ, ಕುಕ್ಕರುಗಾಲಿನಲ್ಲಿ ಕೂತು, "ಬಾರೋ ನನ್ ರಾಜ" ಎಂದು ಕರೆದಳು. ಅವನಿಗೆ ಅವಳ ದನಿ ಗೊತ್ತು. ಮುಖವೆಲ್ಲ ನಗುವಾಗಿ, ಬಲಕ್ಕೆ ತಿರುಗಿ ಅವಳನ್ನು ಹುಡುಕಿದ.